ಶುಲ್ಕ ಕಟ್ಟಿದ ಮೇಲೂ ಉಳಿಯುವ ಖರ್ಚು: ಕೀನ್ಯಾದ ಹಳ್ಳಿ ಮಕ್ಕಳ ಹೈಸ್ಕೂಲು ಓದಿಗೆ ನೆರವು ಎಂದರೇನು?

ಕೀನ್ಯಾದಲ್ಲಿ ಪ್ರಾಥಮಿಕ ಶಾಲೆಗೆ ಶುಲ್ಕವಿಲ್ಲ. 2002ರ ಕೊನೆಯಲ್ಲಿ ಮ್ವಾಯಿ ಕಿಬಾಕಿ ಅಧ್ಯಕ್ಷರಾದರು. 2003ರ ಜನವರಿಯಲ್ಲಿ ಶಾಲೆ ತೆರೆಯುವಷ್ಟರಲ್ಲಿ ಶುಲ್ಕ ಹೋಗಿತ್ತು. 2008ರಿಂದ ಸೆಕೆಂಡರಿ ಶಾಲೆಯ ಬೋಧನಾ ಶುಲ್ಕವನ್ನೂ ಸರ್ಕಾರವೇ ಭರಿಸುತ್ತಿದೆ. ಮಗುವೊಂದಕ್ಕೆ ವರ್ಷಕ್ಕೆ 10,265 ಶಿಲ್ಲಿಂಗ್‌ನಿಂದ ಶುರುವಾದ ಈ ಅನುದಾನ 2018ರಲ್ಲಿ 22,244ಕ್ಕೆ ಏರಿತು. ಇಷ್ಟು ಕೇಳಿದ ಯಾರಿಗಾದರೂ ಒಂದು ಅನುಮಾನ ಬರಬೇಕು. ಎಲ್ಲವೂ ಉಚಿತವಾಗಿದ್ದರೆ, ಹಳ್ಳಿಯ ಬಡ ಮಕ್ಕಳ ಹೈಸ್ಕೂಲು ಓದಿಗೆ ದಾನಿಗಳು ಬೇಕು ಎಂದು ಕೇಳುವ ಸಂಸ್ಥೆಗಳು ಇನ್ನೂ ಏಕೆ ಇವೆ? ಯಾರೋ ಸುಳ್ಳು ಹೇಳುತ್ತಿದ್ದಾರೆಯೇ?

ಯಾರೂ ಸುಳ್ಳು ಹೇಳುತ್ತಿಲ್ಲ. ಸರ್ಕಾರ ಕೊಡುವುದು ಪಾಠದ ಖರ್ಚನ್ನು. ಮಗುವೊಂದು ಶಾಲೆಯಲ್ಲಿ ಉಳಿಯುವ ಖರ್ಚು ಬೇರೆಯೇ ಇದೆ.

ಮುಂದಕ್ಕೆ ಹೋಗುವ ಮುನ್ನ ಒಂದು ಮಾತು. ‘ಆಫ್ರಿಕಾದ ಮಕ್ಕಳು’ ಎಂದು ಒಂದೇ ಉಸಿರಿಗೆ ಹೇಳುವುದು ಸುಲಭ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಅಲ್ಲಿ 54 ದೇಶಗಳಿವೆ, ಪ್ರತಿಯೊಂದರ ಶಾಲಾ ಪದ್ಧತಿ, ಪರೀಕ್ಷೆ, ಶುಲ್ಕದ ಕಾನೂನು ಬೇರೆ ಬೇರೆ. ತಾಂಜಾನಿಯಾ 2016ರಲ್ಲಿ ಫಾರ್ಮ್ 4ರವರೆಗೆ ಶುಲ್ಕ ತೆಗೆಯಿತು, ಘಾನಾ 2017ರಲ್ಲಿ ಸೀನಿಯರ್ ಹೈಸ್ಕೂಲನ್ನು ಉಚಿತ ಮಾಡಿತು. ಸಹಾರಾದ ದಕ್ಷಿಣಕ್ಕಿರುವ ಭಾಗಕ್ಕೆಲ್ಲ ಒಟ್ಟಾಗಿ ಅನ್ವಯಿಸುವ ಸಂಗತಿ ಒಂದೇ: 15ರಿಂದ 17 ವರ್ಷದವರಲ್ಲಿ ಸುಮಾರು ಶೇ 60ರಷ್ಟು ಮಂದಿ ಶಾಲೆಯಲ್ಲಿಲ್ಲ ಎಂದು ಯುನೆಸ್ಕೊ ಹಲವು ವರ್ಷಗಳಿಂದ ಹೇಳುತ್ತ ಬಂದಿದೆ. ಲೆಕ್ಕ ಬಿಡಿಸಿ ನೋಡಲು ಅನುಕೂಲ ಎಂದು ನಾನಿಲ್ಲಿ ಕೀನ್ಯಾವನ್ನು ಹಿಡಿದುಕೊಂಡಿದ್ದೇನೆ, ಬೇಕಾದ ಕಡೆ ಘಾನಾ, ಜಿಂಬಾಬ್ವೆ, ಜಾಂಬಿಯಾಕ್ಕೆ ಹೋಗಿಬರುತ್ತೇನೆ.

ಜನವರಿಯ ಬಿಲ್ಲು

ಹಳೆಯ ಪದ್ಧತಿಯಲ್ಲಿ (ಈಗ ಬರುತ್ತಿರುವ ಹೊಸದರ ಮಾತು ಕೊನೆಯಲ್ಲಿದೆ) ಕೀನ್ಯಾದ ಮಗು ಎಂಟು ವರ್ಷ ಪ್ರಾಥಮಿಕ ಶಾಲೆ ಓದಿ, ಪರೀಕ್ಷೆ ಬರೆದು, ಫಾರ್ಮ್ 1ಕ್ಕೆ ಸೇರುತ್ತಿತ್ತು. ಅಲ್ಲಿಂದ ಫಾರ್ಮ್ 4ರವರೆಗೆ ಸೆಕೆಂಡರಿ. ನಮ್ಮ ಲೆಕ್ಕದಲ್ಲಿ ಒಂಬತ್ತನೇ ತರಗತಿಯಿಂದ ಎರಡನೇ ಪಿಯುಸಿವರೆಗಿನ ನಾಲ್ಕು ವರ್ಷ. ಒಳ್ಳೆಯ ಅಂಕ ಬಂದ ಮಕ್ಕಳಿಗೆ ಸೀಟು ಸಿಗುವುದು ಹೆಚ್ಚಾಗಿ ಬೋರ್ಡಿಂಗ್ ಶಾಲೆಗಳಲ್ಲಿ, ಅದೂ ಮನೆಯಿಂದ ಬಹುದೂರ. ದೇಶದ ಪ್ರಸಿದ್ಧ ಸರ್ಕಾರಿ ಶಾಲೆಗಳೆಲ್ಲ ಬೋರ್ಡಿಂಗ್ ಶಾಲೆಗಳೇ.

ಸರ್ಕಾರದ 22,244 ಶಿಲ್ಲಿಂಗ್ ಕಳೆದ ಮೇಲೆ ‘ನ್ಯಾಷನಲ್’ ದರ್ಜೆಯ ಬೋರ್ಡಿಂಗ್ ಶಾಲೆಯಲ್ಲಿ ಪೋಷಕರು ಕಟ್ಟಬೇಕಾದ ಅಧಿಕೃತ ಮೊತ್ತ ವರ್ಷಕ್ಕೆ 53,554 ಶಿಲ್ಲಿಂಗ್. ಅದಕ್ಕಿಂತ ಕೆಳಗಿನ ಬೋರ್ಡಿಂಗ್ ಶಾಲೆಗಳಲ್ಲಿ 40,535. ಶಿಲ್ಲಿಂಗ್ ಒಂದಕ್ಕೆ 65-70 ಪೈಸೆ ಹಿಡಿದರೆ ಮೊದಲನೆಯದು ಸುಮಾರು 35-37 ಸಾವಿರ ರೂಪಾಯಿ. ವರ್ಷಕ್ಕೆ ಮೂರು ಟರ್ಮ್‌ಗಳಿದ್ದು, ಶುಲ್ಕವನ್ನು 50:30:20ರ ಪ್ರಮಾಣದಲ್ಲಿ ಹಂಚಿ ಕಟ್ಟಬೇಕು. ಅಂದರೆ ಅರ್ಧ ಹಣ ಜನವರಿಯಲ್ಲೇ ಬೇಕು. 53,554ರ ಅರ್ಧ 26,777. ಕ್ರಿಸ್‌ಮಸ್ ಖರ್ಚು ಮುಗಿದು, ಮಾರ್ಚ್‌ನ ಮಳೆಗೆ ಜೋಳ ಬಿತ್ತಲು ಬೀಜ-ಗೊಬ್ಬರಕ್ಕೆ ಹಣ ಹೊಂದಿಸಬೇಕಾದ ಹೊತ್ತಿಗೆ ಈ ಬಿಲ್ಲು ಮನೆಗೆ ಬರುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಡಬೇಕು. ಅನಾಥ ಮತ್ತು ದುರ್ಬಲ ಮಕ್ಕಳನ್ನು ಸಾಕುವ ಕಡುಬಡ ಕುಟುಂಬಗಳಿಗೆ ಕೀನ್ಯಾ ಸರ್ಕಾರ 2004ರಿಂದ ನಗದು ನೆರವು ಕೊಡುತ್ತಿದೆ. ಈಗ ಅದು ತಿಂಗಳಿಗೆ 2,000 ಶಿಲ್ಲಿಂಗ್, ವರ್ಷಕ್ಕೆ 24,000. ಇಡೀ ಕುಟುಂಬದ ಇಡೀ ವರ್ಷದ ನೆರವನ್ನು ಒಂದು ಕಾಸೂ ಮುಟ್ಟದೆ ತೆಗೆದಿಟ್ಟರೂ ‘ನ್ಯಾಷನಲ್’ ಶಾಲೆ ಸೇರಿದ ಮಗುವಿನ ಮೊದಲ ಟರ್ಮ್‌ನ ಶುಲ್ಕಕ್ಕೆ ಸಾಲದು.

ಇದು ಶುಲ್ಕದ ಮಾತಾಯಿತು. ಸೀಟು ಸಿಕ್ಕಿದ ಮಗುವಿಗೆ ಶಾಲೆ ಕಳಿಸುವ ಪತ್ರದ ಹಿಂದೆ ಒಂದು ಪಟ್ಟಿ ಇರುತ್ತದೆ. ತಗಡಿನ ಟ್ರಂಕು, ಅದಕ್ಕೆ ಬೀಗ. ಹಾಸಿಗೆ, ಕಂಬಳಿ, ಎರಡು ಜೊತೆ ಬೆಡ್‌ಶೀಟು. ಬಕೆಟ್ಟು, ತಟ್ಟೆ, ಲೋಟ, ಚಮಚ. ಯೂನಿಫಾರ್ಮ್, ಸ್ವೆಟರ್, ಟೈ, ಕಪ್ಪು ಚರ್ಮದ ಶೂ, ಆಟದ ಬಟ್ಟೆ. ಡಿಕ್ಷನರಿ, ಜಾಮಿಟ್ರಿ ಬಾಕ್ಸು, ಬೈಬಲ್ಲು. ಕಚೇರಿಗೆ ಒಂದು ರೀಮು ಜೆರಾಕ್ಸ್ ಹಾಳೆ. ಶಾಲೆಯ ತೋಟದಲ್ಲಿ ಕೆಲಸ ಮಾಡಲು ಒಂದು ಗುದ್ದಲಿ. ಇಷ್ಟನ್ನೂ ಹೊತ್ತುಕೊಂಡು, ಬಸ್ಸು ಬದಲಿಸಿ, ಕೊನೆಯ ಮೈಲಿಗೆ ಬೈಕ್ ಟ್ಯಾಕ್ಸಿ ಹಿಡಿದು ಶಾಲೆಯ ಗೇಟು ತಲುಪಬೇಕು. ಬೈಕಿನ ಹಿಂದೆ ಟ್ರಂಕು, ಟ್ರಂಕಿನ ಮೇಲೆ ಸುತ್ತಿದ ಹಾಸಿಗೆ, ನಡುವೆ ಹೊಸ ಸ್ವೆಟರ್ ತೊಟ್ಟ ಹುಡುಗ: ಜನವರಿಯಲ್ಲಿ ಕೀನ್ಯಾದ ರಸ್ತೆಗಳಲ್ಲಿ ಇದು ಮಾಮೂಲಿ ನೋಟ. ಪಟ್ಟಿಯಲ್ಲಿರುವ ವಸ್ತುಗಳನ್ನು ಹೊಂದಿಸಲಾಗದೆ ಸೀಟು ಕಳೆದುಕೊಳ್ಳುವ ಮಕ್ಕಳೂ ಇದ್ದಾರೆ. ಶುಲ್ಕಕ್ಕೆ ಸ್ಕಾಲರ್‌ಶಿಪ್ ಸಿಕ್ಕಿಯೂ ಹಾಸಿಗೆಯಿಲ್ಲದೆ ಮನೆಯಲ್ಲೇ ಉಳಿಯುವುದು ಎಂಥ ಅಸಂಬದ್ಧ! ಆದರೆ ನಡೆಯುತ್ತದೆ.

ದಿನ ಹೋಗಿಬರುವ ಶಾಲೆಗಳು ಅಗ್ಗ. ಆದರೆ ಅಲ್ಲೂ ಮಧ್ಯಾಹ್ನದ ಊಟಕ್ಕೆ ಹಣ ಕೇಳುತ್ತಾರೆ. ಊಟವೆಂದರೆ ಹೆಚ್ಚಾಗಿ ಗಿಥೇರಿ, ಅಂದರೆ ಮೆಕ್ಕೆಜೋಳ ಮತ್ತು ಬೀನ್ಸ್ ಕಾಳು ಬೇಯಿಸಿದ್ದು. ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಲು ಒಂದಿಷ್ಟು, ಶಾಲೆಯೇ ನೇಮಿಸಿಕೊಂಡ ಶಿಕ್ಷಕರ ಸಂಬಳಕ್ಕೆ ಒಂದಿಷ್ಟು. ಸರ್ಕಾರದ ಅನುದಾನ ತಡವಾಗಿ ಬರುತ್ತದೆ, ಬಂದರೂ ಪೂರ್ತಿ ಬರುವುದಿಲ್ಲ ಎಂಬುದು ಅಲ್ಲಿನ ಮುಖ್ಯೋಪಾಧ್ಯಾಯರ ನಿತ್ಯದ ದೂರು. ಕಟ್ಟಿಗೆಯವನು, ಜೋಳದ ವ್ಯಾಪಾರಿ, ಅಡುಗೆಯವರು ಕಾಯುವುದಿಲ್ಲ. ಆ ಒತ್ತಡ ಕೊನೆಗೆ ಬಂದು ಬೀಳುವುದು ಮಗುವಿನ ಮೇಲೆ.

ಬೀಳುವ ಬಗೆ ಹೀಗೆ. ಬೆಳಗಿನ ಅಸೆಂಬ್ಲಿಯಲ್ಲಿ ಬಾಕಿದಾರರ ಹೆಸರು ಓದುತ್ತಾರೆ, ಅವರನ್ನು ಮನೆಗೆ ಕಳಿಸುತ್ತಾರೆ. ಹಣ ತಂದರೆ ಒಳಗೆ, ಇಲ್ಲದಿದ್ದರೆ ಇಲ್ಲ. ಹೀಗೆ ಕಳಿಸಬಾರದು ಎಂದು ಶಿಕ್ಷಣ ಸಚಿವಾಲಯ ಎಷ್ಟೋ ಸಲ ಹೇಳಿದೆ, ಶಾಲೆಗಳು ಕಳಿಸುತ್ತಲೇ ಇವೆ. ಎರಡು ವಾರ ಮನೆಯಲ್ಲಿ ಕುಳಿತ ಹುಡುಗಿ ವಾಪಸು ಬರುವ ಹೊತ್ತಿಗೆ ಗಣಿತದ ಒಂದು ಅಧ್ಯಾಯವೇ ಮುಗಿದಿರುತ್ತದೆ. ಮುಂದಿನ ಟರ್ಮ್‌ನಲ್ಲಿ ಮತ್ತೆ ಅದೇ. ಓದು ಬಿಟ್ಟವರು ಎಂದು ನಾವು ಲೆಕ್ಕ ಹಾಕುವವರಲ್ಲಿ ಬಹಳಷ್ಟು ಮಂದಿ ಒಂದು ದಿನ ತೀರ್ಮಾನ ಮಾಡಿ ಬಿಟ್ಟವರಲ್ಲ; ಹೀಗೆ ಹೋಗಿ ಬಂದು, ಹೋಗಿ ಬಂದು, ಒಂದು ಸಲ ಬರದೇ ಹೋದವರು.

ಸ್ಪಾನ್ಸರ್‌ಶಿಪ್ ಬಗ್ಗೆ ನನಗಿರುವ ಮುಖ್ಯ ಅಭಿಪ್ರಾಯ ಹುಟ್ಟಿದ್ದು ಈ ಸಂಗತಿಯಿಂದಲೇ. ದಾನಿಯ ಹಣ ಎಷ್ಟು ಎಂಬುದಕ್ಕಿಂತ ಎಂದು ಬರುತ್ತದೆ ಎಂಬುದು ದೊಡ್ಡದು. ಟರ್ಮ್ ಶುರುವಾಗುವ ದಿನಕ್ಕೆ, ಪ್ರತಿ ಟರ್ಮ್‌ಗೆ, ಕೊನೆಯ ಪರೀಕ್ಷೆಯವರೆಗೆ ಬರುವ ಹಣಕ್ಕೆ ಬೆಲೆಯಿದೆ. ಭಾವುಕರಾಗಿ ಒಮ್ಮೆ ದೊಡ್ಡ ಮೊತ್ತ ಕೊಟ್ಟು ಮರೆಯುವ ದಾನಿಯಿಂದ ಆ ಮಗುವಿಗೆ ಫಾರ್ಮ್ 2ರವರೆಗಿನ ಓದು ಸಿಗುತ್ತದೆ. ಅರ್ಧ ಸೆಕೆಂಡರಿಗೆ ಕೆಲಸದ ಪೇಟೆಯಲ್ಲಿ ಬೆಲೆಯಿಲ್ಲ. ಅಂಕಪಟ್ಟಿ ಬರುವುದು ಫಾರ್ಮ್ 4ರ ಪರೀಕ್ಷೆ ಬರೆದವರಿಗೆ ಮಾತ್ರ.

ವೆಸ್ಟರೋಸ್‌ನ ಟೀಚರು, ಮಿತಹಾಟೊದ ಹುಡುಗ

ಈ ವಿಷಯ ಬಂದಾಗಲೆಲ್ಲ ಕೀನ್ಯಾದಲ್ಲಿ ಹೇಳುವ ಒಂದು ಕಥೆಯಿದೆ. ನಿಜವಾಗಿ ನಡೆದದ್ದು. 1970ರ ದಶಕದಲ್ಲಿ ಮಿತಹಾಟೊ ಎಂಬ ಹಳ್ಳಿಯ ಕ್ರಿಸ್ ಎಂಬುರು ಎಂಬ ಬಡ ಹುಡುಗನ ಓದಿನ ಖರ್ಚನ್ನು ಸ್ವೀಡನ್ನಿನ ವೆಸ್ಟರೋಸ್ ಪಟ್ಟಣದ ಹಿಲ್ಡೆ ಬಾಕ್ ಎಂಬ ಶಿಶುವಿಹಾರದ ಟೀಚರು ಹೊತ್ತರು. ಟರ್ಮ್‌ಗೆ ಸುಮಾರು 15 ಡಾಲರು. ಹುಡುಗ ಸೆಕೆಂಡರಿ ಮುಗಿಸಿದ, ನೈರೋಬಿ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ, ಹಾರ್ವರ್ಡ್‌ಗೆ ಹೋದ, ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ವಕೀಲನಾದ. 2001ರಲ್ಲಿ ತನ್ನಂಥ ಮಕ್ಕಳ ಓದಿಗಾಗಿ ಒಂದು ನಿಧಿ ಕಟ್ಟಿ ಅದಕ್ಕೆ ಆಕೆಯ ಹೆಸರನ್ನೇ ಇಟ್ಟ. ಆ ಹೊತ್ತಿಗೆ ಆತ ಆಕೆಯನ್ನು ನೋಡಿಯೇ ಇರಲಿಲ್ಲ! ಆಮೇಲೆ ಸ್ವೀಡನ್ನಿನ ರಾಯಭಾರ ಕಚೇರಿಯ ನೆರವಿನಿಂದ ಹುಡುಕಿದಾಗ ಗೊತ್ತಾದದ್ದು: ಆಕೆ ಜರ್ಮನಿಯಲ್ಲಿ ಹುಟ್ಟಿದ ಯೆಹೂದಿ, ನಾಜಿಗಳಿಂದ ತಪ್ಪಿಸಿಕೊಂಡು ಸ್ವೀಡನ್ ಸೇರಿದವರು, ತಂದೆತಾಯಿಯನ್ನು ಕಾನ್‌ಸಂಟ್ರೇಷನ್ ಕ್ಯಾಂಪಿನಲ್ಲಿ ಕಳೆದುಕೊಂಡವರು.

ಕಥೆ ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಮಾತ್ರ ಬೇರೆ. ಆಕೆ ಶ್ರೀಮಂತರಾಗಿರಲಿಲ್ಲ, ಕೊಟ್ಟದ್ದು ಸಣ್ಣ ಮೊತ್ತ. ಆದರೆ ತಪ್ಪದೆ ಕೊಟ್ಟರು. ವಾರಾನ್ನ ಉಂಡು ಓದಿದವರ ಕಥೆ ಕೇಳಿ ಬೆಳೆದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋಮವಾರದ ಮನೆಯವರು ಸೋಮವಾರ ಊಟ ಹಾಕಲೇಬೇಕು. ಮಂಗಳವಾರ ಹೋಳಿಗೆ ಬಡಿಸಿ ಸೋಮವಾರ ಮರೆತರೆ ಹುಡುಗ ಉಪವಾಸ.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಎಂಬುರುಗೆ ನೆರವು ಸಿಕ್ಕಿತು ಸರಿ, ಅದೇ ತರಗತಿಯಲ್ಲಿದ್ದ ಉಳಿದ ಬಡ ಮಕ್ಕಳ ಪಾಡೇನಾಯಿತು? ಒಂದು ಮಗುವನ್ನು ಎತ್ತಿಕೊಳ್ಳುವ ಯಾವುದೇ ಯೋಜನೆಗೂ ಈ ಪ್ರಶ್ನೆ ಬೆನ್ನು ಹತ್ತಿಕೊಂಡೇ ಇರುತ್ತದೆ.

ಯಾರನ್ನು ಆರಿಸುವುದು?

ಸಂಸ್ಥೆಗಳ ಭಾಷೆಯಲ್ಲಿ ಅನಾಥ ಮತ್ತು ದುರ್ಬಲ ಮಕ್ಕಳನ್ನು ಒಟ್ಟಿಗೆ ‘ಓವಿಸಿ’ ಎನ್ನುತ್ತಾರೆ. ವಿಕ್ಟೋರಿಯಾ ಸರೋವರದ ದಂಡೆಯ ಸಿಯಾಯ, ಹೋಮಾ ಬೇ, ಕಿಸುಮು ಕಡೆ ಎಚ್‌ಐವಿ ಅತಿ ಹೆಚ್ಚು ಹಬ್ಬಿತ್ತು. 1990ರ ದಶಕ ಮತ್ತು ನಂತರದ ಕೆಲವು ವರ್ಷಗಳಲ್ಲಿ ಅಲ್ಲಿ ನಡುಹರೆಯದ ಒಂದು ತಲೆಮಾರೇ ಖಾಲಿಯಾಗಿ, ಮೊಮ್ಮಕ್ಕಳನ್ನು ಅಜ್ಜಿಯರು ಸಾಕಿದರು. ಉತ್ತರದ ತುರ್ಕಾನಾ, ಗರಿಸ್ಸಾ ಕಡೆ ಕಷ್ಟದ ಬಣ್ಣವೇ ಬೇರೆ: ಅಲ್ಲಿ ಆಸ್ತಿಯೆಂದರೆ ದನ, ಮೇಕೆ, ಒಂಟೆ. 2020ರ ಕೊನೆಯಿಂದ ಸತತ ಐದು ಮಳೆಗಾಲ ಕೈಕೊಟ್ಟಾಗ ಹಿಂಡುಗಳು ಸತ್ತವು, ಅದರೊಂದಿಗೆ ಶಾಲೆಯ ಶುಲ್ಕವೂ ಸತ್ತಿತು.

ಇಷ್ಟು ಜನರಲ್ಲಿ ಯಾರಿಗೆ ಕೊಡುವುದು? ಹೆಚ್ಚಿನ ಸ್ಕಾಲರ್‌ಶಿಪ್‌ಗಳು ಎರಡು ಜರಡಿ ಹಿಡಿಯುತ್ತವೆ. ಒಂದು ಬಡತನ, ಇನ್ನೊಂದು ಅಂಕ. ಕೀನ್ಯಾದ ಈಕ್ವಿಟಿ ಬ್ಯಾಂಕಿನ ಫೌಂಡೇಶನ್ 2010ರಲ್ಲಿ ಮಾಸ್ಟರ್‌ಕಾರ್ಡ್ ಫೌಂಡೇಶನ್ ಜೊತೆ ಶುರು ಮಾಡಿದ ‘ವಿಂಗ್ಸ್ ಟು ಫ್ಲೈ’ ಯೋಜನೆ ಅಲ್ಲಿ ಮನೆಮಾತು. ಪ್ರಾಥಮಿಕ ಹಂತದ ಪರೀಕ್ಷೆಯಲ್ಲಿ 500ಕ್ಕೆ 350ಕ್ಕಿಂತ ಹೆಚ್ಚು ಪಡೆದ ಬಡ ಮಕ್ಕಳು ಅರ್ಜಿ ಹಾಕಬಹುದಿತ್ತು. ಸ್ಥಳೀಯ ಆಯ್ಕೆ ಮಂಡಳಿಯಲ್ಲಿ ಶಿಕ್ಷಣಾಧಿಕಾರಿ, ಊರಿನ ಹಿರಿಯರು, ಚರ್ಚು-ಮಸೀದಿಯವರು ಕೂತು, ಅರ್ಜಿದಾರರನ್ನು ಮಾತಾಡಿಸಿ, ಮನೆಗೂ ಹೋಗಿ ನೋಡಿ ಆರಿಸುತ್ತಾರೆ. ಶುಲ್ಕದ ಜೊತೆಗೆ ಯೂನಿಫಾರ್ಮ್, ಪುಸ್ತಕ, ಟ್ರಂಕಿನೊಳಗಿನ ಸಾಮಾನು, ಬಸ್ ಚಾರ್ಜು, ಕೈಖರ್ಚು ಎಲ್ಲ ಸೇರುತ್ತದೆ. ಮನೆಗೆ ಹೋಗಿ ನೋಡುವುದು ಸುಮ್ಮನೆ ಶಾಸ್ತ್ರಕ್ಕಲ್ಲ. ಸ್ಕಾಲರ್‌ಶಿಪ್ ಎಂದ ಕೂಡಲೇ ಕಾರಿದ್ದವರೂ ಬಡವರಾಗುವುದು ನಮ್ಮಲ್ಲಿ ಮಾತ್ರ ನಡೆಯುವ ಪವಾಡವಲ್ಲ.

ಆದರೆ 350 ಅಂಕದ ಗೆರೆ ಎಳೆದ ಕೂಡಲೇ ಒಂದು ತೊಡಕು. ಅಜ್ಜಿಗೆ ಔಷಧಿ ಕೊಟ್ಟು, ನೀರು ಹೊತ್ತು, ತಮ್ಮಂದಿರಿಗೆ ಉಣಿಸಿ ಓದಿದ ಹುಡುಗಿಗೆ 290 ಬಂದಿರುತ್ತದೆ. ಆಕೆಯ 290ರ ಹಿಂದಿನ ಶ್ರಮ ಪಟ್ಟಣದ ಹುಡುಗನ 390ಕ್ಕಿಂತ ಕಡಿಮೆಯೇ? ವಿಶ್ವಬ್ಯಾಂಕಿನ ಹಣದಿಂದ ಬಂದ ‘ಎಲಿಮು’ ಸ್ಕಾಲರ್‌ಶಿಪ್ ಹಿಂದುಳಿದ ತಾಲೂಕುಗಳ ಮತ್ತು ಕೊಳೆಗೇರಿಗಳ ಮಕ್ಕಳಿಗೆ ಗೆರೆಯನ್ನು 280ಕ್ಕೆ ಇಳಿಸಿದ್ದು ಇದೇ ಕಾರಣಕ್ಕೆ. ಅತಿ ಬಡ ಮಕ್ಕಳನ್ನು ತಲುಪುವುದು ಗುರಿಯಾದರೆ ಅಂಕದ ಗೆರೆ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು ಎನ್ನುವುದು ನನ್ನ ನಿಲುವು. ಪ್ರತಿಭೆಗೆ ದಾನಿಗಳು ಹೇಗೂ ಸಿಗುತ್ತಾರೆ. ಸಾಧಾರಣ ಅಂಕದ ಅನಾಥ ಹುಡುಗನಿಗೆ ಯಾರೂ ಸಿಗುವುದಿಲ್ಲ.

ಜಿಂಬಾಬ್ವೆಯಲ್ಲಿ ಶುರುವಾದ ಕ್ಯಾಮ್‌ಫೆಡ್ ಈ ಗಂಟನ್ನು ಬೇರೆ ರೀತಿ ಬಿಡಿಸಿತು. ಬ್ರಿಟನ್ನಿನ ಆನ್ ಕಾಟನ್ 1991ರಲ್ಲಿ ಅಲ್ಲಿನ ಮೋಲಾ ಎಂಬ ಊರಿಗೆ ಹೋದದ್ದು ಹೆಣ್ಣುಮಕ್ಕಳು ಏಕೆ ಶಾಲೆಗೆ ಬರುವುದಿಲ್ಲ ಎಂದು ತಿಳಿಯಲು. ಸಂಪ್ರದಾಯವೇ ಅಡ್ಡಿ ಎಂದು ಎಲ್ಲರೂ ಹೇಳಿ ಕಳಿಸಿದ್ದರು. ಅಲ್ಲಿ ಕಂಡದ್ದು ಬಡತನ. ಒಂದೇ ಮಗುವಿಗೆ ಸಾಲುವಷ್ಟು ಹಣವಿದ್ದಾಗ, ಮುಂದೆ ಸಂಬಳದ ಕೆಲಸ ಸಿಗುವ ಸಾಧ್ಯತೆ ಹುಡುಗನಿಗೇ ಹೆಚ್ಚು ಎಂದು ಮನೆಯವರು ಅವನನ್ನು ಕಳಿಸುತ್ತಿದ್ದರು. 1993ರಲ್ಲಿ 32 ಹುಡುಗಿಯರಿಗೆ ನೆರವು ಕೊಟ್ಟು ಸಂಸ್ಥೆ ಶುರುವಾಯಿತು. ಯಾರಿಗೆ ಕೊಡಬೇಕು ಎನ್ನುವುದನ್ನು ತೀರ್ಮಾನಿಸುವುದು ಆಯಾ ಊರಿನ ಶಿಕ್ಷಕರು, ತಾಯಂದಿರು, ಮುಖಂಡರ ಸಮಿತಿ. ಓದು ಮುಗಿಸಿದ ಹುಡುಗಿಯರು ತಮ್ಮ ಊರಿನ ಶಾಲೆಗೇ ವಾಪಸು ಬಂದು ಕಿರಿಯರ ಬೆನ್ನಿಗೆ ನಿಲ್ಲುತ್ತಾರೆ. ಒಂದು ವಾರ ಯಾರಾದರೂ ಶಾಲೆಗೆ ಬರದಿದ್ದರೆ ಮನೆಗೆ ಹೋಗಿ ವಿಚಾರಿಸುತ್ತಾರೆ. ಮೊದಲ ತಂಡಗಳಲ್ಲಿ ನೆರವು ಪಡೆದ ಏಂಜಲೀನ್ ಮುರಿಮಿರ್ವಾ ಇಂದು ಇಡೀ ಸಂಸ್ಥೆಯ ಮುಖ್ಯಸ್ಥೆ. ದೂರದ ದಾನಿ ಎಷ್ಟೇ ಪತ್ರ ಬರೆದರೂ ಮಾಡಲಾಗದ ಕೆಲಸ ಒಂದಿದೆ: ಮಂಗಳವಾರ ಬೆಳಗ್ಗೆ ಆ ಹುಡುಗಿ ತರಗತಿಯಲ್ಲಿಲ್ಲ ಎಂದು ಗಮನಿಸುವುದು. ಅದನ್ನು ಊರಿನವರೇ ಮಾಡಬೇಕು.

ಫೋಟೊ, ಪತ್ರ, ಮತ್ತು ಅದರ ಬೆಲೆ

ಮಗುವಿನ ಫೋಟೊ ಕೊಟ್ಟು ತಿಂಗಳ ಚಂದಾ ಕೇಳುವ ಪದ್ಧತಿಯ ಮೊದಮೊದಲ ಹೆಸರಾಂತ ಉದಾಹರಣೆ ಆಫ್ರಿಕಾದ್ದಲ್ಲ, ಸ್ಪೇನಿನದು. 1937ರಲ್ಲಿ, ಅಲ್ಲಿನ ಅಂತರ್ಯುದ್ಧದಲ್ಲಿ ಅನಾಥರಾದ ಮಕ್ಕಳಿಗಾಗಿ ಜಾನ್ ಲ್ಯಾಂಗ್‌ಡನ್-ಡೇವಿಸ್ ಎಂಬ ಪತ್ರಕರ್ತ ಕಟ್ಟಿದ ಯೋಜನೆಯೇ ಇಂದಿನ ಪ್ಲ್ಯಾನ್ ಇಂಟರ್‌ನ್ಯಾಷನಲ್. 1950ರ ದಶಕದ ಹೊತ್ತಿಗೆ ಕೊರಿಯಾ ಯುದ್ಧದ ಅನಾಥರ ಮೂಲಕ ಇದು ಬೃಹತ್ತಾಗಿ ಬೆಳೆಯಿತು.

ದಾನಿಗೆ ಮುಖವೊಂದು ಬೇಕು, ಆಗಲೇ ಕೈ ಬಿಚ್ಚುತ್ತದೆ. ಇದು ಮನುಷ್ಯ ಸ್ವಭಾವ, ಬೈದು ಪ್ರಯೋಜನವಿಲ್ಲ. ಆದರೆ ಆ ಮುಖದ ಖರ್ಚನ್ನು ತೆರುವವರು ಯಾರು ಎಂದು ನೋಡಬೇಕು. ಪ್ರತಿ ಮಗುವಿನ ಫೋಟೊ ತೆಗೆಯಲು, ಪತ್ರ ಬರೆಸಲು, ಅನುವಾದಿಸಲು, ಕಳಿಸಲು ಸಿಬ್ಬಂದಿ ಬೇಕು. ಜೊತೆಗೆ, ವಾರ್ಷಿಕ ವರದಿಯಲ್ಲಿ ‘ತಂದೆ ಎಚ್‌ಐವಿಯಿಂದ ತೀರಿಕೊಂಡರು’ ಎಂದು ಹೆಸರು, ಊರು ಸಮೇತ ಅಚ್ಚಾದ ಹುಡುಗಿಗೆ ಹದಿನೇಳು ವರ್ಷವಾದಾಗ ಅದೇ ಪುಟವನ್ನು ಯಾರೋ ಮೊಬೈಲಿನಲ್ಲಿ ತೋರಿಸಿದರೆ? ನೆರವಿಗೆ ಬದಲಾಗಿ ಆಕೆ ತನ್ನ ಖಾಸಗಿ ಬದುಕನ್ನು ಕೊಟ್ಟಂತಾಗುತ್ತದೆ. ಹೀಗಾಗಿ ಈಗ ಅನೇಕ ಸಂಸ್ಥೆಗಳು ಹಣವನ್ನು ಒಂದೇ ನಿಧಿಗೆ ಹಾಕಿ, ದಾನಿಗೆ ಒಟ್ಟು ತಂಡದ ವರದಿ ಕೊಡುತ್ತವೆ. ಓದುವ ದಾನಿಗೆ ಸ್ವಲ್ಪ ಸಪ್ಪೆ ಎನಿಸಬಹುದು, ಮಕ್ಕಳಿಗೆ ಕ್ಷೇಮ. ಒಬ್ಬ ದಾನಿ ಕೆಲಸ ಕಳೆದುಕೊಂಡು ನಿಲ್ಲಿಸಿದರೂ ಮಗುವಿನ ಶುಲ್ಕ ನಿಲ್ಲುವುದಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಲಾಭ.

ಇದರಿಂದ ನಿಜಕ್ಕೂ ಉಪಯೋಗವಿದೆಯೇ?

ಇದೆ, ಮತ್ತು ಅದನ್ನು ಅಳೆದು ನೋಡಿದ್ದಾರೆ. ಅತಿ ಅಚ್ಚುಕಟ್ಟಾದ ಅಳತೆ ನಡೆದದ್ದು ಘಾನಾದಲ್ಲಿ. 2008ರಲ್ಲಿ ಅಲ್ಲಿನ ಹಳ್ಳಿ ಭಾಗದಲ್ಲಿ ಸೀನಿಯರ್ ಹೈಸ್ಕೂಲಿಗೆ ಸೀಟು ಸಿಕ್ಕಿಯೂ ಸೇರಲಾಗದ 2,064 ಮಕ್ಕಳ ಪಟ್ಟಿ ಮಾಡಿ, ಲಾಟರಿ ಎತ್ತಿ 682 ಮಂದಿಗೆ ಸ್ಕಾಲರ್‌ಶಿಪ್ ಕೊಟ್ಟರು. ಆಮೇಲೆ ವರ್ಷಗಟ್ಟಲೆ ಎರಡೂ ಗುಂಪುಗಳ ಬೆನ್ನು ಹತ್ತಿದರು. ಎಸ್ತರ್ ಡುಫ್ಲೊ, ಪಾಸ್ಕಲಿನ್ ಡುಪಾ, ಮೈಕಲ್ ಕ್ರೆಮರ್ ನಡೆಸಿದ ಅಧ್ಯಯನ ಇದು. ಇವರಲ್ಲಿ ಡುಫ್ಲೊ ಮತ್ತು ಕ್ರೆಮರ್ 2019ರಲ್ಲಿ ನಮ್ಮ ಅಭಿಜಿತ್ ಬ್ಯಾನರ್ಜಿಯವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಸ್ಕಾಲರ್‌ಶಿಪ್ ಸಿಕ್ಕವರಲ್ಲಿ ಓದು ಮುಗಿಸಿದವರ ಪ್ರಮಾಣ ಸಿಗದವರಿಗಿಂತ ಸುಮಾರು 26 ಶೇಕಡಾ ಅಂಶಗಳಷ್ಟು ಹೆಚ್ಚಾಯಿತು. ಓದಿದ ಹೆಣ್ಣುಮಕ್ಕಳು ಮದುವೆ, ಬಸಿರನ್ನು ಮುಂದೂಡಿದರು. ಮುಂದೆ ಅವರಿಗೆ ಹುಟ್ಟಿದ ಮಕ್ಕಳು ಬದುಕುಳಿಯುವ ಪ್ರಮಾಣವೂ ಹೆಚ್ಚಿತ್ತು. ಸಂಬಳದ ಲೆಕ್ಕದಲ್ಲಿ ಮಾತ್ರ ಲಾಭ ಅಷ್ಟು ನಿಚ್ಚಳವಾಗಿ ಕಾಣಲಿಲ್ಲ. ಓದಿದವರಿಗೆ ತಕ್ಕ ಕೆಲಸವೇ ಊರಿನಲ್ಲಿ ಕಡಿಮೆಯಿದ್ದರೆ ಸ್ಕಾಲರ್‌ಶಿಪ್ ತಾನೇ ಏನು ಮಾಡೀತು?

ಮಗುವಿನ ಹೆಸರಿನಲ್ಲೇ ತಿಂಗಳ ಚಂದಾ ಪಡೆಯುವ ಕಂಪ್ಯಾಶನ್ ಇಂಟರ್‌ನ್ಯಾಷನಲ್ ಸಂಸ್ಥೆಯ ಯೋಜನೆಯನ್ನು ಬ್ರೂಸ್ ವೈಡಿಕ್ ಮತ್ತು ಸಂಗಡಿಗರು ಆರು ದೇಶಗಳಲ್ಲಿ ಪರೀಕ್ಷಿಸಿದರು. ಕೀನ್ಯಾ, ಉಗಾಂಡಾ ಜೊತೆಗೆ ಭಾರತವೂ ಅದರಲ್ಲಿತ್ತು. 10,144 ಜನರ ಮಾಹಿತಿ ಕಲೆಹಾಕಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ನೆರವು ಪಡೆದವರು ಒಂದರಿಂದ ಒಂದೂವರೆ ವರ್ಷ ಹೆಚ್ಚು ಓದಿದ್ದರು. ಸೆಕೆಂಡರಿ ಮುಗಿಸಿದವರು 12ರಿಂದ 18 ಶೇಕಡಾ ಅಂಶ ಹೆಚ್ಚಿದ್ದರು. ಫೋಟೊ-ಪತ್ರದ ಪದ್ಧತಿಯನ್ನು ಮೇಲೆ ಟೀಕಿಸಿದ ನಾನು ಇದನ್ನೂ ಹೇಳಲೇಬೇಕು.

ಬರೀ ಒಂದು ವಸ್ತು ಕೊಟ್ಟು ಕೈತೊಳೆದುಕೊಂಡರೆ ಏನಾಗುತ್ತದೆ ಎನ್ನುವುದಕ್ಕೂ ಕೀನ್ಯಾದಲ್ಲೇ ಉದಾಹರಣೆ ಇದೆ. ಅಲ್ಲಿನ ಪ್ರಾಥಮಿಕ ಶಾಲೆಯ ಬಡ ಮಕ್ಕಳಿಗೆ ಲಾಟರಿ ಮೂಲಕ ಯೂನಿಫಾರ್ಮ್ ಹಂಚಿದಾಗ ಗೈರುಹಾಜರಿ ಗಣನೀಯವಾಗಿ ಇಳಿಯಿತು. ಅದೇ ಮಕ್ಕಳನ್ನು ಎಂಟು ವರ್ಷದ ಮೇಲೆ ಹುಡುಕಿ ನೋಡಿದರೆ, ಯೂನಿಫಾರ್ಮ್ ಸಿಕ್ಕವರೂ ಸಿಗದವರೂ ಓದಿನಲ್ಲಿ ಮುಟ್ಟಿದ್ದು ಹೆಚ್ಚು ಕಡಿಮೆ ಒಂದೇ ತರಗತಿ. ಬಟ್ಟೆ ಹರಿಯುವವರೆಗೆ ಪರಿಣಾಮ ಇತ್ತು, ಅಷ್ಟೇ.

ದೂರದ ಶಾಲೆ

ಸೆಕೆಂಡರಿ ಶಾಲೆಗಳು ಪ್ರಾಥಮಿಕ ಶಾಲೆಗಳಷ್ಟು ಹತ್ತಿರ ಹತ್ತಿರ ಇರುವುದಿಲ್ಲ. ಜಾಂಬಿಯಾ, ಮಲಾವಿಯ ಹಳ್ಳಿಗಳ ಮಕ್ಕಳು ಶಾಲೆಯ ಹತ್ತಿರ ಬಾಡಿಗೆ ಕೋಣೆ ಹಿಡಿದೋ ಗುಡಿಸಲು ಹಾಕಿಕೊಂಡೋ, ಮನೆಯಿಂದ ಹಿಟ್ಟು ತಂದು ತಾವೇ ಬೇಯಿಸಿಕೊಂಡು ಓದುವುದಿದೆ. ಮೇಲ್ವಿಚಾರಣೆಗೆ ದೊಡ್ಡವರು ಯಾರೂ ಇಲ್ಲದ ಇಂಥ ಕಡೆ ಹದಿಹರೆಯದ ಹುಡುಗಿಯರು ಎಷ್ಟು ಸುರಕ್ಷಿತ ಎಂಬುದನ್ನು ಬೇರೆ ಹೇಳಬೇಕಿಲ್ಲ. ಇದಕ್ಕೆ ಒಂದು ಪರಿಹಾರ ಸೈಕಲ್ಲು. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಟ್ಟದ್ದು, ನಮ್ಮಲ್ಲೂ 2006-07ರಲ್ಲಿ ಎಂಟನೇ ತರಗತಿಯವರಿಗೆ ಕೊಡತೊಡಗಿದ್ದು ಓದುಗರಿಗೆ ನೆನಪಿರಬಹುದು. ಜಾಂಬಿಯಾದಲ್ಲಿ ಶಾಲೆಯಿಂದ ಮೂರು ಕಿಲೋಮೀಟರಿಗಿಂತ ದೂರವಿರುವ ಹುಡುಗಿಯರಿಗೆ ಸೈಕಲ್ ಕೊಟ್ಟು ನೋಡಿದಾಗ ಓಡಾಟದ ಸಮಯ ಮೂರನೇ ಒಂದರಷ್ಟು, ಗೈರುಹಾಜರಿ ನಾಲ್ಕನೇ ಒಂದಕ್ಕಿಂತ ಹೆಚ್ಚು ಇಳಿಯಿತು.

ಬೋರ್ಡಿಂಗ್ ಶಾಲೆಯಾದರೆ ಚಿಂತೆಯಿಲ್ಲ ಎಂದೂ ಹೇಳುವಂತಿಲ್ಲ. 2001ರಲ್ಲಿ ಮಚಾಕೋಸ್ ಕಡೆಯ ಕ್ಯಾಂಗುಲಿ ಸೆಕೆಂಡರಿ ಶಾಲೆಯ ಡಾರ್ಮಿಟರಿಗೆ ಬೆಂಕಿ ಬಿದ್ದು 67 ಹುಡುಗರು ಸತ್ತರು. 2024ರ ಸೆಪ್ಟೆಂಬರಿನಲ್ಲಿ ನ್ಯೇರಿಯ ಒಂದು ಪ್ರಾಥಮಿಕ ಬೋರ್ಡಿಂಗ್ ಶಾಲೆಯಲ್ಲಿ ಮತ್ತೆ ಅಂಥದ್ದೇ ಬೆಂಕಿಗೆ 21 ಮಕ್ಕಳು ಬಲಿಯಾದರು.

ಅನಾಥಾಶ್ರಮದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಓದಿಸುತ್ತೇವೆಂದು ಹೇಳಿ ಹಳ್ಳಿಯಿಂದ ಮಕ್ಕಳನ್ನು ತಂದು ಆಶ್ರಮದಲ್ಲಿಟ್ಟು ದಾನ ಎತ್ತುವ ವ್ಯವಹಾರ ಎಷ್ಟು ಬೆಳೆದಿತ್ತೆಂದರೆ, ಕೀನ್ಯಾ 2017ರಲ್ಲಿ ಹೊಸ ಆಶ್ರಮಗಳ ನೋಂದಣಿಯನ್ನೇ ನಿಲ್ಲಿಸಿತು. ಆಶ್ರಮದಲ್ಲಿರುವ ಮಕ್ಕಳನ್ನು ಕುಟುಂಬಗಳಿಗೆ ಮರಳಿಸಲು 2022ರಿಂದ 2032ರವರೆಗಿನ ಕಾರ್ಯಯೋಜನೆ ಅಲ್ಲಿ ಜಾರಿಯಲ್ಲಿದೆ. ಅಜ್ಜಿಯ ಮನೆಯಲ್ಲಿದ್ದುಕೊಂಡೇ ಓದಬಲ್ಲ ಮಗುವನ್ನು ಬರೀ ಶುಲ್ಕಕ್ಕಾಗಿ ಅಜ್ಜಿಯಿಂದ ಕಿತ್ತು ತರುವ ಸಂಸ್ಥೆಗೆ ಒಂದು ರೂಪಾಯಿಯನ್ನೂ ಕೊಡಬಾರದು.

ಇಲ್ಲಿಂದ ಕೊಡುವವರಿಗೆ

ಭಾರತದಲ್ಲಿ ಕುಳಿತು ವಿದೇಶದ ಸಂಸ್ಥೆಗೆ ದಾನ ಕೊಡುವುದಾದರೆ ವಿದೇಶಕ್ಕೆ ಹಣ ಕಳಿಸುವ ಬಗೆಗಿನ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ನಿಯಮದಡಿ ಬ್ಯಾಂಕ್ ಮೂಲಕ ಕಳಿಸಬಹುದು. ಆದಾಯ ತೆರಿಗೆಯಲ್ಲಿ ದಾನದ ವಿನಾಯಿತಿ ಮಾತ್ರ ಸಿಗದು. ಅದು ಭಾರತದಲ್ಲಿ ನೋಂದಣಿಯಾದ ಸಂಸ್ಥೆಗಳಿಗಷ್ಟೇ. ಅಮೆರಿಕ, ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಆಯಾ ದೇಶದಲ್ಲಿ ನೋಂದಣಿಯಾದ ಸಂಸ್ಥೆಯ ಮೂಲಕ ಕೊಟ್ಟರೆ ತೆರಿಗೆಯ ಅನುಕೂಲ ಉಂಟು.

ಸಂಸ್ಥೆಯನ್ನು ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ಹಣ ಯಾರ ಖಾತೆಗೆ ಹೋಗುತ್ತದೆ? ನೇರವಾಗಿ ಶಾಲೆಯ ಖಾತೆಗೆ ಹೋಗಿ ಅದಕ್ಕೆ ರಸೀದಿ ಬರುವುದು ಒಳ್ಳೆಯದು. ಸಂಬಂಧಿಕರ ಕೈಗೆ ಕೊಟ್ಟ ಶುಲ್ಕ ಮನೆಯ ಇನ್ನೊಂದು ತುರ್ತಿಗೆ ಕರಗುವುದು ಸಹಜ, ಅದರಲ್ಲಿ ಅವರದೂ ತಪ್ಪಿಲ್ಲ. ನಾನು ನಿಲ್ಲಿಸಿದರೆ ಈ ಮಗುವಿನ ಗತಿಯೇನು? ಕಳೆದ ನಾಲ್ಕು ವರ್ಷದಲ್ಲಿ ಸೇರಿದವರೆಷ್ಟು, ಮುಗಿಸಿದವರೆಷ್ಟು? ಬಸಿರಾದ ಹುಡುಗಿಯನ್ನು ಕೈಬಿಡುತ್ತೀರಾ, ಹೆರಿಗೆಯ ನಂತರ ವಾಪಸು ತರುತ್ತೀರಾ? ಇಂಥ ಹುಡುಗಿಯರಿಗೆ ಶಾಲೆಗೆ ಮರಳುವ ಅವಕಾಶವನ್ನು ಕೀನ್ಯಾದ ಸರ್ಕಾರಿ ನೀತಿ 1994ರಿಂದಲೇ ಕೊಟ್ಟಿದೆ. ತಾಂಜಾನಿಯಾ 2021ರವರೆಗೆ ಅವರನ್ನು ಸರ್ಕಾರಿ ಶಾಲೆಯ ಒಳಗೇ ಬಿಡುತ್ತಿರಲಿಲ್ಲ. ಕೊನೆಗೆ, ಫಾರ್ಮ್ 4 ಆದ ಮೇಲೆ ಏನು? ಅಲ್ಲಿ ವಿಶ್ವವಿದ್ಯಾಲಯಕ್ಕೆ ನೇರ ಪ್ರವೇಶ ಬೇಕಾದರೆ ಸಿ ಪ್ಲಸ್ ಗ್ರೇಡ್ ಬರಬೇಕು. ಇತ್ತೀಚಿನ ವರ್ಷಗಳಲ್ಲಿ ಅದು ಬಂದಿರುವುದು ನಾಲ್ಕೈದು ಮಂದಿಯಲ್ಲಿ ಒಬ್ಬರಿಗೆ. ಉಳಿದವರಿಗೆ ಎಲೆಕ್ಟ್ರಿಷಿಯನ್, ಪ್ಲಂಬರ್, ಟೈಲರಿಂಗ್ ಕಲಿಸುವ ಕಾಲೇಜುಗಳ ದಾರಿ ತೋರಿಸುವವರು ಯಾರು?

ಇಷ್ಟರ ನಡುವೆ ಕೀನ್ಯಾ ತನ್ನ ಇಡೀ ಶಾಲಾ ಪದ್ಧತಿಯನ್ನೇ ಬದಲಿಸುತ್ತಿದೆ. 500 ಅಂಕದ ಹಳೆಯ ಪ್ರಾಥಮಿಕ ಪರೀಕ್ಷೆ 2023ಕ್ಕೆ ಮುಗಿಯಿತು. ಅದನ್ನು ಬರೆದ ಕೊನೆಯ ತಂಡ 2027ರಲ್ಲಿ ಫಾರ್ಮ್ 4 ಮುಗಿಸುತ್ತದೆ. ಹೊಸ ಪದ್ಧತಿಯಲ್ಲಿ 7ರಿಂದ 9ನೇ ತರಗತಿಯವರೆಗಿನ ಜೂನಿಯರ್ ಶಾಲೆ ಊರಿನ ಪ್ರಾಥಮಿಕ ಶಾಲೆಯ ಆವರಣದಲ್ಲೇ ನಡೆಯುತ್ತದೆ. ಬಡ ಮನೆಗಳಿಗೆ ಇದೊಂದು ದೊಡ್ಡ ಉಪಕಾರ. ಟ್ರಂಕು-ಹಾಸಿಗೆಯ ಖರ್ಚು ಹತ್ತನೇ ತರಗತಿಯವರೆಗೆ ಮುಂದಕ್ಕೆ ಹೋಯಿತು. ಈ ಪದ್ಧತಿಯ ಮೊದಲ ತಂಡ 2026ರ ಜನವರಿಯಲ್ಲಿ ಮೂರು ವರ್ಷದ ಸೀನಿಯರ್ ಶಾಲೆಗೆ ಕಾಲಿಟ್ಟಿತು. ದಾನಿ ಹೊರಬೇಕಾದದ್ದು ಇನ್ನು ಮೇಲೆ ನಾಲ್ಕು ವರ್ಷವಲ್ಲ, ಮೂರು. ಆದರೆ ಮಕ್ಕಳು ಈಗ ವಿಜ್ಞಾನ-ತಂತ್ರಜ್ಞಾನ, ಸಮಾಜ ವಿಜ್ಞಾನ, ಕಲೆ-ಕ್ರೀಡೆ ಎಂಬ ಮೂರು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಹಳ್ಳಿಯ ಎಷ್ಟೋ ಶಾಲೆಗಳಲ್ಲಿ ಪ್ರಯೋಗಾಲಯವೇ ಇಲ್ಲ. ಒಂಬತ್ತನೇ ತರಗತಿಯ ಹೊಸ ಪರೀಕ್ಷೆಯ ಫಲಿತಾಂಶವೂ ಒಟ್ಟು ಅಂಕದ ಬದಲು ಎಂಟು ಮಟ್ಟಗಳಲ್ಲಿ ಬರುತ್ತದೆ. 350ರ ಗೆರೆ, 280ರ ಗೆರೆ ಎರಡೂ ಅಳಿಸಿಹೋಗಿವೆ. ಯಾರು ಅರ್ಹರು, ಯಾರು ಅಲ್ಲ ಎನ್ನುವ ಲೆಕ್ಕವನ್ನು ಎಲ್ಲ ಸಂಸ್ಥೆಗಳೂ ಮೊದಲಿನಿಂದ ಹಾಕಬೇಕಾಗಿದೆ.